ಇಂಧನಕೋಶದ ಪಿಂಗಾಣಿ ಮತ್ತು ಅದರ ಮೇಲ್ಮೈಯ ರಸಾಯನ

ಕನ್ನಡ ವ್ಯಾಕರಣವನ್ನು ಓದಿದ ವಿದ್ಯಾರ್ಥಿಗಳೆಲ್ಲರಿಗೂ ಸಂಧಿಪ್ರಕರಣವು ಪರಿಚಿತವಾದುದೇ ಆಗಿದೆ. ಎರಡು ಪದಗಳು ದೂರದೂರವಿರುವಾಗ ಅವುಗಳಲ್ಲಿ ಯಾವ ವಿಕಾರವೂ ಉಂಟಾಗದು. ಪೂರ್ವಪದದ ಕೊನೆಯೂ ಉತ್ತರಪದದ ಮೊದಲೂ ಕೂಡುವ ಸ್ಥಾನದಲ್ಲಿ ಮಾತ್ರ ಲೋಪವೋ ಆಗಮವೋ ಆದೇಶವೋ ಸಂಭವಿಸುತ್ತದೆ. ಪದದ ಒಡಲು ಇದ್ದಂತೆಯೇ ಇದ್ದು ಅಂಚು ಮಾತ್ರ ಮಾರ್ಪಡುತ್ತದೆ. ಘನವಸ್ತುಗಳ ರಸಾಯನದಲ್ಲಿಯೂ ಇದಕ್ಕೆ ಸದೃಶವಾದ ಸಂಗತಿಯೊಂದುಂಟು. ವಸ್ತುವಿನ ಒಳಗಿರುವ ಪರಮಾಣುವಿಗೆ ಸುತ್ತಲೂ ನೆರೆಹೊರೆಯವರಿದ್ದಾರೆ. ಅದರ ಬಂಧಗಳೆಲ್ಲ ತುಂಬಿವೆ. ಮೇಲ್ಮೈಯ ಮೇಲಿರುವ ಪರಮಾಣುವಿಗಾದರೋ ಒಂದು ಪಾರ್ಶ್ವದಲ್ಲಿ ನೆರೆಯೇ ಇಲ್ಲ. ಆದಕಾರಣ ಅದು ಹೊರಗಿನಿಂದ ಬರುವ ಅನಿಲದ ಅಣುವನ್ನು ಹಿಡಿಯುವುದಕ್ಕೆ ಸದಾ ಸಿದ್ಧವಾಗಿರುತ್ತದೆ. ಹಿಡಿದುದು ಮಿತ್ರನಾದರೆ ವಸ್ತುವಿನಿಂದ ಕಾರ್ಯಸಿದ್ಧಿ. ಶತ್ರುವಾದರೆ ವಸ್ತುವಿಗೇ ನಾಶ.

ಈ ತತ್ತ್ವವು ಸ್ಪಷ್ಟವಾಗಿ ಕಾಣುವ ಒಂದು ಪ್ರಸಂಗವನ್ನು ಪ್ರಕೃತ ಲೇಖನದಲ್ಲಿ ವಿವರಿಸಲಾಗುವುದು. ಅದು ಪ್ರೋಟಾನುಗಳನ್ನು ಸಾಗಿಸುವ ಪಿಂಗಾಣಿಯ ಇಂಧನಕೋಶ. ಇಂತಹ ವಿಷಯವು ವಿಜ್ಞಾನದ ಅಧ್ಯಾಪಕರಿಗೆ ಸೇರಿದ್ದೆಂದು ಕೆಲವರು ಹೇಳಬಹುದು. ಆದರೆ ಯಾವ ಶಾಸ್ತ್ರವೇ ಆಗಲಿ, ಅದನ್ನು ತಾಯ್ನುಡಿಯಲ್ಲಿ ಆದ್ಯಂತ ಹೇಳಲು ಬಂದಾಗಲೇ ಅದು ನಮ್ಮದಾಯಿತೆಂದು ತಿಳಿಯಬೇಕು. ಆ ದೃಷ್ಟಿಯಿಂದ ಭಾಷೆಯ ಅಧ್ಯಾಪಕನಿಗೂ ಇಲ್ಲಿ ಸ್ವಲ್ಪ ಅಧಿಕಾರವುಂಟು.

1. ಇಂಧನಕೋಶವೆಂದರೇನು?

ಸೌದೆಯನ್ನಾಗಲಿ ಕಲ್ಲಿದ್ದಲನ್ನಾಗಲಿ ಉರಿಸಿ ವಿದ್ಯುತ್ತನ್ನು ಪಡೆಯುವ ಕ್ರಮವು ಬಳಸುದಾರಿಯದು. ಮೊದಲು ಶಾಖ, ಶಾಖದಿಂದ ಉಗಿ, ಉಗಿಯಿಂದ ಚಕ್ರದ ತಿರುಗುವಿಕೆ, ಅದರಿಂದ ವಿದ್ಯುತ್ತು. ಒಂದೊಂದು ಹೆಜ್ಜೆಯಲ್ಲಿಯೂ ಶಕ್ತಿಯ ಒಂದಂಶವು ವ್ಯರ್ಥವಾಗುತ್ತದೆ. ಇಂಧನಕೋಶದಲ್ಲಿ ಜ್ವಾಲೆಯಿಲ್ಲ, ಚಕ್ರವಿಲ್ಲ. ಇಂಧನವೂ ಆಮ್ಲಜನಕವೂ ಬೇರೆಬೇರೆ ಕಡೆಗಳಲ್ಲಿ ನಿಂತು, ನಡುವೆ ಒಂದು ಗೋಡೆಯನ್ನಿಟ್ಟುಕೊಂಡು ಸಂಯೋಗ ಹೊಂದುತ್ತವೆ. ಆ ಗೋಡೆಗೇ ವಿದ್ಯುದ್ವಿಭಾಜ್ಯವೆಂದು ಹೆಸರು. ಅದು ಅಯಾನುಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಇಲೆಕ್ಟ್ರಾನುಗಳನ್ನು ಬಿಡುವುದಿಲ್ಲ. ದಾರಿ ಕಾಣದ ಇಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಸುತ್ತಿಕೊಂಡು ಹೋಗಬೇಕಾಗುತ್ತದೆ. ಆ ಸುತ್ತುವ ದಾರಿಯಲ್ಲಿಯೇ ನಮ್ಮ ದೀಪವನ್ನೂ ಯಂತ್ರವನ್ನೂ ಇರಿಸಿಕೊಳ್ಳುತ್ತೇವೆ.

ಗೋಡೆಯ ಎರಡು ಪಾರ್ಶ್ವಗಳಲ್ಲಿ ಎರಡು ವಿದ್ಯುದ್ವಾರಗಳಿವೆ. ಇಂಧನದ ಕಡೆಯದು ಆನೋಡು, ಗಾಳಿಯ ಕಡೆಯದು ಕ್ಯಾಥೋಡು. ಆನೋಡಿನಲ್ಲಿ ಜಲಜನಕದ ಅಣುವು ಎರಡು ಪ್ರೋಟಾನುಗಳಾಗಿಯೂ ಎರಡು ಇಲೆಕ್ಟ್ರಾನುಗಳಾಗಿಯೂ ಒಡೆಯುತ್ತದೆ. ಪ್ರೋಟಾನುಗಳು ಗೋಡೆಯನ್ನು ದಾಟುತ್ತವೆ. ಕ್ಯಾಥೋಡಿನಲ್ಲಿ ಅವು ಆಮ್ಲಜನಕವನ್ನೂ ತಂತಿಯಿಂದ ಬಂದ ಇಲೆಕ್ಟ್ರಾನುಗಳನ್ನೂ ಕೂಡಿ ನೀರಾಗುತ್ತವೆ. ನೀರನ್ನು ಹುಟ್ಟಿಸುವುದೆಂಬ ಅರ್ಥದ ‘ಜಲಜನಕ’ ಎಂಬ ಹೆಸರು ಇಲ್ಲಿ ಅನ್ವರ್ಥವಾಗುತ್ತದೆ.

ಈ ಉಪಾಯವು ಹೊಸದಲ್ಲ. ವೇಲ್ಸ್ ದೇಶದ ವಿಲಿಯಂ ಗ್ರೋವ್ ಎಂಬ ನ್ಯಾಯವಾದಿ ವಿಜ್ಞಾನಿಯು 1839ರಲ್ಲಿಯೇ ಪ್ಲಾಟಿನಂ, ಗಂಧಕಾಮ್ಲ ಮತ್ತು ಈ ಎರಡು ಅನಿಲಗಳಿಂದ ವಿದ್ಯುತ್ತು ಹುಟ್ಟುವುದನ್ನು ತೋರಿಸಿದ್ದನು. ಅಪೊಲೊ ವ್ಯೋಮನೌಕೆಗಳಲ್ಲಿ ವಿದ್ಯುತ್ತನ್ನೂ ಯಾತ್ರಿಗಳಿಗೆ ಕುಡಿಯುವ ನೀರನ್ನೂ ಒದಗಿಸಿದ್ದು ಇಂಧನಕೋಶಗಳೇ. 1970ರ ಏಪ್ರಿಲಿನಲ್ಲಿ 13ನೆಯ ಅಪೊಲೊ ನೌಕೆಯ ಆಮ್ಲಜನಕದ ತೊಟ್ಟಿಯು ಒಡೆದಾಗ ಈ ಕೋಶಗಳೂ ನಿಂತುಹೋದವು. ಒಂದು ಕಡೆಯ ಅನಿಲವು ಇಲ್ಲವಾದರೆ ಸಂಯೋಗವೆಲ್ಲಿಯದು?

2. ಘನ ವಿದ್ಯುದ್ವಿಭಾಜ್ಯದ ಪೂರ್ವಕಥೆ

ವಿದ್ಯುದ್ವಿಭಾಜ್ಯವೆಂದರೆ ದ್ರವವೇ ಆಗಿರಬೇಕೆಂಬ ನಿಯಮವಿಲ್ಲ. ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 19ನೆಯ ಶತಮಾನದ ಕೊನೆಯಲ್ಲಿ, ಜಿರ್ಕೋನಿಯಂ ಆಕ್ಸೈಡಿಗೆ ಯಿಟ್ರಿಯಂ ಆಕ್ಸೈಡನ್ನು ಬೆರೆಸಿದ ಪಿಂಗಾಣಿಯ ಕಡ್ಡಿಯು ಕಾದಾಗ ವಿದ್ಯುತ್ತನ್ನು ಹರಿಯಬಿಡುವುದನ್ನು ಕಂಡು, ಅದರಿಂದ ಒಂದು ದೀಪವನ್ನೇ ನಿರ್ಮಿಸಿದನು. ಅಂತಹ ಪಿಂಗಾಣಿಯನ್ನು ಗೋಡೆಯಾಗಿಟ್ಟು 1937ರಲ್ಲಿ ಸ್ವಿಟ್ಜರ್ಲೆಂಡಿನ ಬೌರ್ ಮತ್ತು ಪ್ರೈಸ್ ಎಂಬ ವಿಜ್ಞಾನಿಗಳು ಘನ ಇಂಧನಕೋಶವನ್ನು ನಡೆಸಿದರು. ಆದರೆ ಅದರಲ್ಲಿ ಸಂಚರಿಸುತ್ತಿದ್ದುದು ಆಮ್ಲಜನಕದ ಅಯಾನು. ಆಮ್ಲಜನಕದ ಅಯಾನು ಭಾರವಾದುದು, ಗಾತ್ರದಲ್ಲಿ ದೊಡ್ಡದು. ಅದನ್ನು ಸ್ಫಟಿಕದೊಳಗೆ ನಡೆಸಬೇಕಾದರೆ 800ರಿಂದ 1,000 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕಾಗುತ್ತದೆ. ಅಷ್ಟು ಕಾವಿನಲ್ಲಿ ಬೆಸುಗೆಗಳು ಬಿರಿಯುತ್ತವೆ, ಲೋಹಗಳು ತುಕ್ಕು ಹಿಡಿಯುತ್ತವೆ, ವೆಚ್ಚವು ಏರುತ್ತದೆ.

ಇನ್ನೊಂದು ಕೊನೆಯಲ್ಲಿ ಪ್ಲಾಸ್ಟಿಕ್ ಜಾತಿಯ ತೆಳುಪೊರೆಯ ಕೋಶಗಳಿವೆ. ಅವು ಸುಮಾರು 80 ಡಿಗ್ರಿಯಲ್ಲಿ ಪ್ರೋಟಾನುಗಳನ್ನು ಸಾಗಿಸುತ್ತವೆ. ಅವುಗಳಿಗೆ ದುಬಾರಿಯಾದ ಪ್ಲಾಟಿನಂ ಬೇಕು, ಇಂಧನವು ಅತ್ಯಂತ ಶುದ್ಧವಾಗಿರಬೇಕು. ಒಂದು ಅತಿ ಬಿಸಿ, ಮತ್ತೊಂದು ಅತಿ ಸುಕುಮಾರ. ಇವೆರಡರ ನಡುವೆ, 400ರಿಂದ 600 ಡಿಗ್ರಿಯ ಎಡೆಯಲ್ಲಿ, ಪ್ರೋಟಾನನ್ನು ನಡೆಸುವ ಪಿಂಗಾಣಿಯು ದೊರೆತರೆ ಎರಡರ ಕ್ಲೇಶವೂ ತಪ್ಪುತ್ತದೆ. ಅದು ದೊರೆಯಿತು. 1981ರಲ್ಲಿ ಜಪಾನಿನ ಹಿರೊಯಾಸು ಇವಾಹರ ಮತ್ತು ಸಂಗಡಿಗರು ಸ್ಟ್ರಾನ್ಷಿಯಂ ಮತ್ತು ಸೀರಿಯಂಗಳ ಆಕ್ಸೈಡೊಂದು ನೀರಾವಿಯ ಸಂಗದಲ್ಲಿ ಪ್ರೋಟಾನುಗಳನ್ನು ಸಾಗಿಸುತ್ತದೆಂದು ತೋರಿಸಿದರು. ಬಳಿಕ ಬೇರಿಯಂ ಸೀರೇಟು, ಬೇರಿಯಂ ಜಿರ್ಕೋನೇಟು ಎಂಬ ಬಂಧುಗಳು ಬೆಳಕಿಗೆ ಬಂದವು.

ಇದರಿಂದ ಮತ್ತೊಂದು ಲಾಭವೂ ಉಂಟು. ಆಮ್ಲಜನಕದ ಅಯಾನು ಸಂಚರಿಸುವ ಕೋಶದಲ್ಲಿ ನೀರು ಹುಟ್ಟುವುದು ಇಂಧನದ ಕಡೆಯಲ್ಲಿ. ಹುಟ್ಟಿದ ನೀರಾವಿಯು ಇಂಧನವನ್ನು ತೆಳುವಾಗಿಸುತ್ತದೆ. ಪ್ರೋಟಾನು ಸಂಚರಿಸುವ ಕೋಶದಲ್ಲಿ ನೀರು ಹುಟ್ಟುವುದು ಗಾಳಿಯ ಕಡೆಯಲ್ಲಿ. ಇಂಧನವು ಕೊನೆಯವರೆಗೂ ಕೆನೆಗೆಡದೆ ಉಳಿಯುತ್ತದೆ.

3. ಸ್ಫಟಿಕದಲ್ಲಿ ಆದೇಶ, ಲೋಪ, ಆಗಮ

ಈ ಪಿಂಗಾಣಿಗಳೆಲ್ಲ ಪೆರೊವ್‌ಸ್ಕೈಟ್ ಎಂಬ ಕುಲಕ್ಕೆ ಸೇರಿದವು. ಗ್ರೋವ್ ತನ್ನ ಪ್ರಯೋಗವನ್ನು ನಡೆಸಿದ 1839ನೆಯ ಇಸವಿಯಲ್ಲಿಯೇ, ಉರಾಲ್ ಪರ್ವತದಿಂದ ಬಂದ ಒಂದು ಖನಿಜವನ್ನು ಗುಸ್ತಾವ್ ರೋಸ್ ವರ್ಣಿಸಿ, ಅದಕ್ಕೆ ರಷ್ಯದ ಲೆವ್ ಪೆರೊವ್‌ಸ್ಕಿಯ ಹೆಸರನ್ನಿಟ್ಟನು. ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡು ವಿಚಾರಗಳು ಒಂದೆಡೆ ಸೇರುವುದಕ್ಕೆ ಶತಮಾನವೂ ಸಾಲದಾಯಿತು.

ಇದರ ರಚನೆಯನ್ನು ಮನಸ್ಸಿನಲ್ಲಿ ಹೀಗೆ ಚಿತ್ರಿಸಿಕೊಳ್ಳಬೇಕು. ಒಂದು ಘನಾಕೃತಿಯ ಪೆಟ್ಟಿಗೆ. ಅದರ ಎಂಟು ಮೂಲೆಗಳಲ್ಲಿ ಬೇರಿಯಂ. ನಟ್ಟನಡುವೆ ಜಿರ್ಕೋನಿಯಂ ಅಥವಾ ಸೀರಿಯಂ. ಆರು ಮುಖಗಳ ಮಧ್ಯದಲ್ಲಿ ಆಮ್ಲಜನಕ. ಇಂತಹ ಪೆಟ್ಟಿಗೆಗಳು ಮೂರು ದಿಕ್ಕುಗಳಲ್ಲಿಯೂ ಒಂದಕ್ಕೊಂದು ಹೊಂದಿಕೊಂಡು ಹಬ್ಬಿವೆ. ಲೆಕ್ಕ ಮಾಡಿದರೆ ಒಂದು ಬೇರಿಯಮ್ಮಿಗೆ ಒಂದು ಜಿರ್ಕೋನಿಯಂ ಮತ್ತು ಮೂರು ಆಮ್ಲಜನಕ ಬರುತ್ತವೆ.

ಈ ಸ್ಫಟಿಕವು ಪರಿಪೂರ್ಣವಾಗಿರುವವರೆಗೆ ಪ್ರೋಟಾನಿಗೆ ಇಲ್ಲಿ ಕೆಲಸವಿಲ್ಲ. ಅದನ್ನು ಸಿದ್ಧಗೊಳಿಸುವ ಕ್ರಮದಲ್ಲಿ ಮೂರು ಹೆಜ್ಜೆಗಳಿವೆ. ಇವನ್ನು ವ್ಯಾಕರಣದ ಹೆಸರುಗಳಿಂದಲೇ ಕರೆದರೆ ನೆನಪಿಡಲು ಸುಲಭ.

ಮೊದಲನೆಯದು ಆದೇಶ. ‘ಮಳೆ’ ಎಂಬುದರ ಮುಂದೆ ‘ಕಾಲ’ ಬಂದಾಗ ಕಕಾರದ ಸ್ಥಾನದಲ್ಲಿ ಗಕಾರವು ನಿಂತು ‘ಮಳೆಗಾಲ’ ಆಗುವಂತೆ, ಕೆಲವು ಜಿರ್ಕೋನಿಯಂಗಳ ಸ್ಥಾನದಲ್ಲಿ ಯಿಟ್ರಿಯಂ ಅನ್ನು ನಿಲ್ಲಿಸುತ್ತಾರೆ. ಜಿರ್ಕೋನಿಯಮ್ಮಿನ ವಿದ್ಯುದಾವೇಶ ನಾಲ್ಕು; ಯಿಟ್ರಿಯಮ್ಮಿನದು ಮೂರು. ಸ್ಥಾನವು ಅದೇ, ಬಲದಲ್ಲಿ ಒಂದು ಕಡಿಮೆ.

ಎರಡನೆಯದು ಲೋಪ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಉಕಾರವು ಲೋಪವಾಗುತ್ತದಷ್ಟೆ. ಹಾಗೆಯೇ ಎರಡು ಯಿಟ್ರಿಯಂಗಳು ಬಂದರೆ ಧನಾವೇಶವು ಎರಡು ಕಡಿಮೆಯಾಗುವುದರಿಂದ, ಸಮತೋಲಕ್ಕಾಗಿ ಎರಡು ಋಣಾವೇಶವುಳ್ಳ ಒಂದು ಆಮ್ಲಜನಕವು ಸ್ಫಟಿಕವನ್ನು ಬಿಟ್ಟು ಹೋಗುತ್ತದೆ. ಅದು ಇದ್ದ ಎಡೆ ತೆರವಾಗಿ ಉಳಿಯುತ್ತದೆ.

ಮೂರನೆಯದು ಆಗಮ. ‘ಕೈ’ ಮತ್ತು ‘ಅನ್ನು’ ಇವುಗಳ ನಡುವೆ ಯಕಾರವು ಹೊಸದಾಗಿ ಬಂದು ‘ಕೈಯನ್ನು’ ಆಗುವಂತೆ, ಇಲ್ಲಿ ಹೊರಗಿನ ನೀರಾವಿಯು ಬಂದು ಸೇರುತ್ತದೆ. ನೀರಿನ ಅಣುವು ಮೇಲ್ಮೈಯ ತೆರವಿನ ಬಳಿಗೆ ಬಂದು ಇಬ್ಭಾಗವಾಗುತ್ತದೆ. ಆಮ್ಲಜನಕವು ಒಂದು ಜಲಜನಕವನ್ನು ಜೊತೆಗಿಟ್ಟುಕೊಂಡೇ ತೆರವಿನಲ್ಲಿ ಕುಳಿತುಕೊಳ್ಳುತ್ತದೆ. ಉಳಿದ ಪ್ರೋಟಾನು ನೆರೆಯ ಆಮ್ಲಜನಕವನ್ನು ಆಶ್ರಯಿಸುತ್ತದೆ. ಹೀಗೆ ಒಂದು ನೀರಿನಿಂದ ಎರಡು ಹೈಡ್ರಾಕ್ಸಿಲ್ ಯುಗ್ಮಗಳು, ಎಂದರೆ ಸಂಚಾರಯೋಗ್ಯವಾದ ಎರಡು ಪ್ರೋಟಾನುಗಳು ದೊರೆಯುತ್ತವೆ.

ಉದಾಹರಣೆಗೆ ಒಂದು ಲೆಕ್ಕ. ನೂರು ಪೆಟ್ಟಿಗೆಗಳಲ್ಲಿ 20 ಜಿರ್ಕೋನಿಯಂಗಳಿಗೆ ಬದಲಾಗಿ ಯಿಟ್ರಿಯಂ ಇದೆಯೆನ್ನೋಣ. ಬೇರಿಯಂಗಳ ಆವೇಶ 200, ಉಳಿದ 80 ಜಿರ್ಕೋನಿಯಂಗಳದು 320, ಯಿಟ್ರಿಯಂಗಳದು 60, ಒಟ್ಟು 580. ಇದನ್ನು ಸರಿದೂಗಿಸಲು 290 ಆಮ್ಲಜನಕಗಳು ಸಾಕು. ಇರಬೇಕಾದ ಸ್ಥಾನಗಳು 300. ಆದ್ದರಿಂದ 10 ಸ್ಥಾನಗಳು ತೆರವು. ಅವೆಲ್ಲ ತುಂಬಲು 10 ನೀರಿನ ಅಣುಗಳು ಬೇಕು. ಆಗ 20 ಪ್ರೋಟಾನುಗಳು ಲಭಿಸುತ್ತವೆ. ಯಿಟ್ರಿಯಂಗಳ ಸಂಖ್ಯೆಯೂ ಪ್ರೋಟಾನುಗಳ ಸಂಖ್ಯೆಯೂ ಸಮವಾದುದನ್ನು ಗಮನಿಸಬೇಕು.

ಇಲ್ಲಿ ಹೇಳಿದ ಸಾಮ್ಯವು ಏಕದೇಶೀಯವಾದುದು. ಆದೇಶ ಲೋಪಗಳು ಸ್ಫಟಿಕದ ಒಡಲೆಲ್ಲ ವ್ಯಾಪಿಸಿವೆ; ಆಗಮವಾದರೋ ಮೇಲ್ಮೈಯ ಬಾಗಿಲಿನಿಂದಲೇ ನಡೆಯಬೇಕು. ಬಾಗಿಲು ಮುಚ್ಚಿದ್ದರೆ ಒಳಮನೆಯು ಎಷ್ಟು ವಿಶಾಲವಾಗಿದ್ದರೇನು?

4. ಪ್ರೋಟಾನಿನ ಸಂಚಾರಕ್ರಮ

ಒಳಹೊಕ್ಕ ಪ್ರೋಟಾನು ಹೇಗೆ ನಡೆಯುತ್ತದೆ? ಮನೆ ಕಟ್ಟುವಲ್ಲಿ ಆಳುಗಳು ಸಾಲಾಗಿ ನಿಂತು ಗಾರೆಯ ಬಾಣಲೆಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದ್ದೇವೆ. ಆಳು ತನ್ನ ಸ್ಥಾನವನ್ನು ಬಿಟ್ಟು ಕದಲುವುದಿಲ್ಲ. ಸೊಂಟವನ್ನು ತಿರುಗಿಸಿ ಪಕ್ಕದವನಿಗೆ ಕೊಡುತ್ತಾನೆ. ಪ್ರೋಟಾನಿನ ನಡೆಯೂ ಇಂತಹುದೇ. ಆಮ್ಲಜನಕವು ನಿಂತಲ್ಲಿಯೇ ನಿಂತಿರುತ್ತದೆ. ಪ್ರೋಟಾನು ಅದರ ಸುತ್ತ ತಿರುಗಿ, ನೆರೆಯ ಆಮ್ಲಜನಕದ ಕಡೆಗೆ ಮುಖಮಾಡಿ, ಅದರ ಮೇಲಕ್ಕೆ ನೆಗೆಯುತ್ತದೆ. ತಿರುಗುವಿಕೆ ಮತ್ತು ನೆಗೆತ ಎಂಬ ಇವೆರಡರ ಆವೃತ್ತಿಯಿಂದಲೇ ಇಡೀ ಗೋಡೆಯನ್ನು ದಾಟುತ್ತದೆ. ನೀರಿನಲ್ಲಿ ಇಂತಹ ಕೈಬದಲಿನ ಸಾಗಾಟ ನಡೆಯಬಹುದೆಂಬ ಕಲ್ಪನೆಯನ್ನು ಗ್ರೋಟ್ಹೂಸ್ ಎಂಬುವನು 1806ರಲ್ಲಿಯೇ ಮುಂದಿಟ್ಟಿದ್ದನು.

ಉಷ್ಣತೆಯ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ಕಾವು ಹೆಚ್ಚಿದಂತೆ ನೆಗೆತವು ಚುರುಕಾಗುತ್ತದೆ. ಆದರೆ ನೀರು ಪಿಂಗಾಣಿಯೊಳಗೆ ಸೇರುವಾಗ ಶಾಖವು ಹೊರಬೀಳುವುದರಿಂದ, ಕಾವು ಹೆಚ್ಚಿದರೆ ಸೇರಿದ ನೀರು ಮರಳಿ ಹೊರಟುಹೋಗುತ್ತದೆ. ನಡೆಯುವವರ ವೇಗ ಹೆಚ್ಚಿತು, ನಡೆಯುವವರೇ ಕಡಿಮೆಯಾದರು ಎಂದಂತಾಯಿತು. ಆದಕಾರಣವೇ ಮಧ್ಯಮವಾದ ಉಷ್ಣತೆಯು ಇದಕ್ಕೆ ಹಿತ.

5. ಮೇಲ್ಮೈಯ ಇಕ್ಕಟ್ಟು: ಗುಣವೇ ದೋಷವಾಗುವುದು

ಇನ್ನು ಪ್ರಕೃತ ವಿಷಯದ ತಿರುಳಿಗೆ ಬರೋಣ. ಬೇರಿಯಂ ಸೀರೇಟು ನೀರನ್ನು ಅಷ್ಟು ಪ್ರೀತಿಯಿಂದ ಬರಮಾಡಿಕೊಳ್ಳುವುದೇಕೆ? ಅದು ಪ್ರತ್ಯಾಮ್ಲ ಗುಣವುಳ್ಳದ್ದಾದುದರಿಂದ. ಅದರ ಆಮ್ಲಜನಕಗಳು ಇಲೆಕ್ಟ್ರಾನುಗಳಿಂದ ಸಮೃದ್ಧವಾಗಿದ್ದು ಪ್ರೋಟಾನನ್ನು ಆದರದಿಂದ ಹಿಡಿಯುತ್ತವೆ. ಆದರೆ ಪ್ರತ್ಯಾಮ್ಲದ ಬಾಗಿಲಿಗೆ ನೀರೊಂದೇ ಅತಿಥಿಯಲ್ಲ. ಇಂಗಾಲದ ಡೈಆಕ್ಸೈಡು ಆಮ್ಲಗುಣದ ಅನಿಲ. ನೀರನ್ನು ಕರೆದ ಅದೇ ಗುಣವು ಅದನ್ನೂ ಕರೆಯುತ್ತದೆ.

ಸುಣ್ಣವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಸುಣ್ಣದ ಕಲ್ಲನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿಗೆ ಸುಟ್ಟರೆ ಇಂಗಾಲದ ಡೈಆಕ್ಸೈಡು ಹೊರಟುಹೋಗಿ ಸುಟ್ಟ ಸುಣ್ಣವು ಉಳಿಯುತ್ತದೆ. ನೀರು ಹಾಕಿದರೆ ಅದು ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿ ಮತ್ತೆ ಕಲ್ಲಾಗುತ್ತದೆ. ಪ್ರಯೋಗಶಾಲೆಯಲ್ಲಿ ತೆರೆದಿಟ್ಟ ಸುಣ್ಣದ ತಿಳಿನೀರಿನ ಮೇಲೆ ಬಿಳಿಯ ಕೆನೆ ಕಟ್ಟುವುದೂ ಇದರಿಂದಲೇ. ಕ್ಯಾಲ್ಸಿಯಂ ಮತ್ತು ಬೇರಿಯಂ ಒಂದೇ ಮನೆತನದವು. ಅದರಲ್ಲಿಯೂ ಬೇರಿಯಮ್ಮಿನ ಪಟ್ಟು ಬಲವಾದುದು. ಬೇರಿಯಂ ಕಾರ್ಬೋನೇಟಿನಿಂದ ಅನಿಲವನ್ನು ಬಿಡಿಸಲು 1,300 ಡಿಗ್ರಿಗೂ ಮೀರಿದ ಕಾವು ಬೇಕು. 600 ಡಿಗ್ರಿಯಲ್ಲಿ ದುಡಿಯುವ ಕೋಶದಲ್ಲಿ ಒಮ್ಮೆ ಹುಟ್ಟಿದ ಕಾರ್ಬೋನೇಟು ತಾನಾಗಿ ಹೋಗಲಾರದು.

ಆಗ ನಡೆಯುವುದೇನೆಂದರೆ: ಬೇರಿಯಂ ಸೀರೇಟು ಇಂಗಾಲದ ಡೈಆಕ್ಸೈಡನ್ನು ಕೂಡಿ ಬೇರಿಯಂ ಕಾರ್ಬೋನೇಟಾಗಿಯೂ ಸೀರಿಯಂ ಆಕ್ಸೈಡಾಗಿಯೂ ಒಡೆಯುತ್ತದೆ. ಮೊದಲು ಮೇಲ್ಮೈಯಲ್ಲಿ ತೆಳುವಾದ ಒಂದು ಹೊದಿಕೆ ಉಂಟಾಗುತ್ತದೆ. ಪ್ರೋಟಾನಿನ ದಾರಿಯಾಗಲಿ ನೀರಾವಿಯ ಬಾಗಿಲಾಗಲಿ ಅದರಲ್ಲಿಲ್ಲ. ಹೊದಿಕೆಯು ಒಳಕ್ಕೆ ಬೆಳೆದಂತೆ ಗೋಡೆಯೇ ಪುಡಿಯಾಗುವ ಸಂಭವವಿದೆ. ನೀರಾವಿಯೂ ಅತಿಯಾದರೆ ಬೇರಿಯಮ್ಮನ್ನು ಹೈಡ್ರಾಕ್ಸೈಡಾಗಿ ಎಳೆದುಕೊಂಡು ಇದೇ ಅನರ್ಥವನ್ನು ಮಾಡಬಲ್ಲದು.

ಪ್ರತ್ಯಾಮ್ಲಗುಣವನ್ನು ಕಡಿಮೆ ಮಾಡಿದರೆ ವಸ್ತುವು ಬಾಳುತ್ತದೆ, ನೀರು ಒಳಗೆ ಬಾರದು. ಹೆಚ್ಚಿಸಿದರೆ ನೀರು ಬರುತ್ತದೆ, ವಸ್ತುವು ಬಾಳದು. ಎರಡು ಕೊನೆಗಳಲ್ಲಿಯೂ ಕುಣಿಕೆಯುಳ್ಳ ಹಗ್ಗವೆಂದು ಶಾಸ್ತ್ರಕಾರರು ಹೇಳುವ ಉಭಯತಃಪಾಶ ನ್ಯಾಯಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ದೊರೆಯದು.

ಈ ಇಕ್ಕಟ್ಟಿನಿಂದ ಹೊರಬರಲು ದೊರೆತ ಆಸರೆಯೇ ಬೇರಿಯಂ ಜಿರ್ಕೋನೇಟು. ಜಿರ್ಕೋನಿಯಂ ಮತ್ತು ಆಮ್ಲಜನಕಗಳ ಬಂಧವು ದೃಢವಾದುದರಿಂದ ಅದು ಇಂಗಾಲದ ಡೈಆಕ್ಸೈಡಿಗೆ ಸುಲಭವಾಗಿ ಸೋಲುವುದಿಲ್ಲ. ಅತಿವಾಹಕ ಸ್ಫಟಿಕಗಳನ್ನು ಬೆಳೆಸುವವರು ಕರಗಿದ ಬೇರಿಯಂ ಮಿಶ್ರಣವನ್ನು ಹಿಡಿದಿಡಲು ಮೂಸೆಯನ್ನು ಈ ಜಿರ್ಕೋನೇಟಿನಿಂದಲೇ ಮಾಡಿಕೊಂಡರೆಂಬುದು ಅದರ ಸ್ಥೈರ್ಯಕ್ಕೆ ಸಾಕ್ಷಿ. ಇಷ್ಟಾದರೂ ಅದು ನೀರನ್ನು ಸ್ವೀಕರಿಸುವ ಗುಣವನ್ನು ಕಳೆದುಕೊಂಡಿಲ್ಲ. ಸೀರೇಟನ್ನೂ ಜಿರ್ಕೋನೇಟನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ, ಒಂದರ ಸೌಲಭ್ಯವನ್ನೂ ಇನ್ನೊಂದರ ಸ್ಥೈರ್ಯವನ್ನೂ ಕೂಡಿಸಿಕೊಳ್ಳುವ ಮಾರ್ಗವು ಇಂದು ಬಹುಮಾನ್ಯವಾಗಿದೆ.

6. ಒಳಗೂ ಮೇಲ್ಮೈಗಳುಂಟು

ಹಾಗಾದರೆ ಜಿರ್ಕೋನೇಟನ್ನೊಂದನ್ನೇ ಬಳಸಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಪಿಂಗಾಣಿಯು ಒಂದೇ ಸ್ಫಟಿಕವಲ್ಲ. ಅಸಂಖ್ಯಾತವಾದ ಸಣ್ಣ ಕಣಗಳು ಕಾವಿನಲ್ಲಿ ಒಂದಕ್ಕೊಂದು ಬೆಸೆದು ಆದ ರಾಶಿ. ಎರಡು ಕಣಗಳು ಕೂಡುವ ಗಡಿಯನ್ನು ಕಣಸೀಮೆಯೆಂದು ಕರೆಯೋಣ. ಅದು ವಸ್ತುವಿನೊಳಗೇ ಅಡಗಿರುವ ಮೇಲ್ಮೈ. ಜಿರ್ಕೋನೇಟಿನ ಕಣದೊಳಗೆ ಪ್ರೋಟಾನು ಚೆನ್ನಾಗಿಯೇ ಸಂಚರಿಸುತ್ತದೆ. ಕಣಸೀಮೆಯ ನಡುವಿನಲ್ಲಾದರೋ ಧನಾವೇಶವು ಕೂಡಿಕೊಂಡಿರುತ್ತದೆ. ಪ್ರೋಟಾನೂ ಧನಾವೇಶದ್ದೇ ಆದುದರಿಂದ ಸೀಮೆಯು ಅದನ್ನು ಹಿಂದಕ್ಕೆ ತಳ್ಳುತ್ತದೆ. ಹೆದ್ದಾರಿಯು ಹಸನಾಗಿದ್ದರೂ ಹೆಜ್ಜೆಹೆಜ್ಜೆಗೆ ಸುಂಕದ ಕಟ್ಟೆಯಿದ್ದರೆ ಪಯಣಿಗನ ಗತಿಯೇನು?

ಕಟ್ಟೆಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕಾದರೆ ಕಣಗಳನ್ನು ದೊಡ್ಡದಾಗಿ ಬೆಳೆಸಬೇಕು. ಅದಕ್ಕೆ 1,600ರಿಂದ 1,700 ಡಿಗ್ರಿಯ ಕಾವಿನಲ್ಲಿ ದೀರ್ಘಕಾಲ ಸುಡಬೇಕಾಗುತ್ತದೆ. ಅಷ್ಟು ಕಾವಿನಲ್ಲಿ ಬೇರಿಯಂ ಆವಿಯಾಗಿ ಹೊರಟು ಮೇಲ್ಮೈಯು ಬಡವಾಗುತ್ತದೆ. ಆದ್ದರಿಂದ ನಿಕ್ಕಲ್ ಆಕ್ಸೈಡು, ಸತುವಿನ ಆಕ್ಸೈಡು ಮುಂತಾದವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿ, ಅದಕ್ಕಿಂತ ಕಡಿಮೆ ಕಾವಿನಲ್ಲಿಯೇ ಬೆಸೆಯುವ ಉಪಾಯವನ್ನು ಕಂಡುಕೊಂಡಿದ್ದಾರೆ.

ಇದಕ್ಕೆ ತದ್ವಿರುದ್ಧವಾಗಿ ತೋರುವ ಒಂದು ವಿಶೇಷವೂ ಇದೆ. ಸೀರಿಯಂ ಆಕ್ಸೈಡು, ಜಿರ್ಕೋನಿಯಂ ಆಕ್ಸೈಡು ಮುಂತಾದವುಗಳ ಒಡಲಿನಲ್ಲಿ ಪ್ರೋಟಾನಿಗೆ ಹೇಳತಕ್ಕ ಸ್ಥಾನವಿಲ್ಲ. ಅವುಗಳನ್ನು ಅತಿ ಸೂಕ್ಷ್ಮಕಣಗಳಾಗಿ, ರಂಧ್ರಮಯವಾಗಿ ಮಾಡಿದರೆ ಸಾಧಾರಣ ಉಷ್ಣತೆಯಲ್ಲಿ ತೇವದ ಗಾಳಿಯಲ್ಲಿ ಅವೂ ಪ್ರೋಟಾನನ್ನು ನಡೆಸುತ್ತವೆ. ಅಲ್ಲಿ ದಾರಿಯಾಗುವುದು ಮೇಲ್ಮೈಯೇ. ಕಣಕ್ಕೆ ಬಿಗಿಯಾಗಿ ಅಂಟಿದ ಹೈಡ್ರಾಕ್ಸಿಲಿನ ಪದರವೊಂದು. ಅದರ ಮೇಲೆ ಸಡಿಲವಾಗಿ ನಿಂತ ನೀರಿನ ಪದರಗಳು. ಆ ನೀರಿನಲ್ಲಿ ಪ್ರೋಟಾನು ಹಾದುಹೋಗುತ್ತದೆ. ಒಳಕ್ಕೆ ಹೀರುವುದಕ್ಕೂ ಮೇಲೆ ಅಂಟಿ ನಿಲ್ಲುವುದಕ್ಕೂ ಇರುವ ಭೇದವು ಇಲ್ಲಿ ಸ್ಪಷ್ಟವಾಗುತ್ತದೆ. ಮೊದಲನೆಯದು ಅವಶೋಷಣೆ, ಎರಡನೆಯದು ಅಧಿಶೋಷಣೆ. ಉಪಸರ್ಗವೊಂದು ಬದಲಾದರೆ ಅರ್ಥವೇ ಬೇರೆಯಾಗುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

7. ಇಂಧನದ ಕಡೆಯ ಮೇಲ್ಮೈ

ಶುದ್ಧ ಜಲಜನಕವು ಎಲ್ಲೆಡೆಯೂ ಅಗ್ಗವಾಗಿ ದೊರೆಯುವ ವಸ್ತುವಲ್ಲ. ಆದ್ದರಿಂದ ಮೀಥೇನಿನಂತಹ ಅನಿಲಗಳನ್ನು ನೇರವಾಗಿ ಬಳಸಬೇಕೆಂಬ ಆಸೆ ಸಹಜ. ನಮ್ಮ ಹಳ್ಳಿಗಳ ಸಗಣಿ ಅನಿಲವನ್ನೇ ತೆಗೆದುಕೊಳ್ಳಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನು. ಉಳಿದುದು ಬಹುಪಾಲು ಇಂಗಾಲದ ಡೈಆಕ್ಸೈಡು. ಜೊತೆಗೆ ಕೊಳೆತ ಮೊಟ್ಟೆಯ ನಾತದ ಜಲಜನಕದ ಸಲ್ಫೈಡು ಅಲ್ಪಸ್ವಲ್ಪ. ಪಿಂಗಾಣಿಯ ಕೋಶಕ್ಕೆ ಇದು ಮೂರು ವಿಧದ ಪರೀಕ್ಷೆಯಾಗಿದೆ. ಡೈಆಕ್ಸೈಡು ಬೇರಿಯಮ್ಮನ್ನು ಕಾಡುತ್ತದೆಂಬುದನ್ನು ಆಗಲೇ ಹೇಳಿದ್ದಾಯಿತು. ಮೀಥೇನು ಆನೋಡಿನ ನಿಕ್ಕಲ್ಲಿನ ಮೇಲೆ ಒಡೆದು ಮಸಿಯಾಗಿ ಕೂರುತ್ತದೆ. ಗಂಧಕವು ನಿಕ್ಕಲ್ಲಿಗೆ ಅಂಟಿಕೊಂಡು, ಜಲಜನಕವು ಒಡೆಯಬೇಕಾದ ಸ್ಥಾನಗಳನ್ನೆಲ್ಲ ಆಕ್ರಮಿಸುತ್ತದೆ.

ಈ ದಿಕ್ಕಿನಲ್ಲಿ 2009ರಲ್ಲಿ ಅಮೆರಿಕದ ಜಾರ್ಜಿಯಾ ತಾಂತ್ರಿಕ ಸಂಸ್ಥೆಯಿಂದ ಒಂದು ಭರವಸೆಯ ಸುದ್ದಿ ಬಂದಿತು. ಬೇರಿಯಮ್ಮಿನ ಜೊತೆಗೆ ಜಿರ್ಕೋನಿಯಂ ಶೇಕಡ 10, ಸೀರಿಯಂ ಶೇಕಡ 70, ಉಳಿದ ಶೇಕಡ 20ರಲ್ಲಿ ಯಿಟ್ರಿಯಂ ಮತ್ತು ಯಿಟರ್ಬಿಯಂ ಇರುವ ಪಿಂಗಾಣಿಯನ್ನು ನಿಕ್ಕಲ್ಲಿನೊಡನೆ ಬಳಸಿದಾಗ, ಆನೋಡು ಗಂಧಕವನ್ನೂ ಮಸಿಯನ್ನೂ ಬಹುಮಟ್ಟಿಗೆ ಸಹಿಸಿತು. ಇದಕ್ಕೆ ಕಾರಣಗಳಲ್ಲಿ ಮುಖ್ಯವಾದುದು, ಆ ಪಿಂಗಾಣಿಯ ಮೇಲ್ಮೈಯು ನೀರನ್ನು ಹಿಡಿದಿಡುವ ಸಾಮರ್ಥ್ಯವೆಂದು ಸಂಶೋಧಕರು ವಿವರಿಸಿದರು. ಮೇಲ್ಮೈಯಲ್ಲಿ ನಿಂತ ನೀರು ನೆರೆಯ ನಿಕ್ಕಲ್ಲಿನ ಮೇಲಿನ ಇಂಗಾಲ ಗಂಧಕಗಳನ್ನು ಆಕ್ಸೈಡಾಗಿಸಿ ಅನಿಲರೂಪದಲ್ಲಿ ಕಳುಹಿಸಿಬಿಡುತ್ತದೆ. ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವ ದೇಹಲೀದೀಪ ನ್ಯಾಯದಂತೆ, ಮೇಲ್ಮೈಯ ನೀರು ಒಳಕ್ಕೆ ಪ್ರೋಟಾನನ್ನು ಕೊಟ್ಟು ಹೊರಗೆ ಕೊಳೆಯನ್ನೂ ತೊಳೆಯುತ್ತದೆ.

8. ಗಾಳಿಯ ಕಡೆಯ ಮೇಲ್ಮೈ

ಗಾಳಿಯ ಕಡೆಯಲ್ಲಿ ಕಷ್ಟವು ಬೇರೊಂದು ಬಗೆಯದು. ಅಲ್ಲಿ ಪ್ರೋಟಾನು, ಆಮ್ಲಜನಕ, ಇಲೆಕ್ಟ್ರಾನು ಈ ಮೂರೂ ಏಕಕಾಲದಲ್ಲಿ ಒಂದೇ ಸ್ಥಾನದಲ್ಲಿ ಸೇರಿದಲ್ಲದೆ ನೀರು ಹುಟ್ಟದು. ಮೂರನ್ನೂ ತನ್ನ ಮೈಯೆಲ್ಲದರಲ್ಲಿ ನಡೆಸಬಲ್ಲ ಕ್ಯಾಥೋಡು ಇದ್ದರೆ ಕ್ರಿಯೆಯು ಒಂದು ಗೆರೆಗೆ ಸೀಮಿತವಾಗದೆ ಹರಡಿಕೊಳ್ಳುತ್ತದೆ. 2015ರಲ್ಲಿ ಅಮೆರಿಕದ ಕೊಲರಾಡೊ ಗಣಿವಿದ್ಯಾಲಯದ ಸಂಶೋಧಕರು ಇಂತಹ ಕ್ಯಾಥೋಡನ್ನು ಬಳಸಿ, 500 ಡಿಗ್ರಿಯಲ್ಲಿ ಜಲಜನಕದಿಂದಲೂ ಮೀಥೇನಿನಿಂದಲೂ ಕೋಶಗಳನ್ನು ನಡೆಸಿ ತೋರಿಸಿದರು. ಅವು 1,000 ಗಂಟೆಗಳಿಗೂ ಮೀರಿ ಬಾಳಿದವು.

ಆದರೂ ಒಂದು ಒಗಟು ಉಳಿದಿತ್ತು. ಪಿಂಗಾಣಿಯ ಗುಣವನ್ನು ಬಿಡಿಯಾಗಿ ಅಳೆದಾಗ ಕಾಣುವ ಸಾಮರ್ಥ್ಯವು ಪೂರ್ಣಕೋಶದಲ್ಲಿ ಕಾಣುತ್ತಿರಲಿಲ್ಲ. ಕಾರಣವು 2022ರಲ್ಲಿ ಅಮೆರಿಕದ ಐಡಹೊ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರಿಂದ ಪ್ರಕಟವಾಯಿತು. ವಿದ್ಯುದ್ವಿಭಾಜ್ಯವನ್ನು ಹೆಚ್ಚಿನ ಕಾವಿನಲ್ಲಿ ಸುಡುವಾಗ ಅದರ ಮೇಲ್ಮೈಯು ಜಡವಾಗಿಬಿಡುತ್ತದೆ. ಬಳಿಕ ಕಡಿಮೆ ಕಾವಿನಲ್ಲಿ ಹಚ್ಚಿದ ಕ್ಯಾಥೋಡು ಅದಕ್ಕೆ ಸರಿಯಾಗಿ ಬೆಸೆದುಕೊಳ್ಳುವುದಿಲ್ಲ. ಪ್ರೋಟಾನು ಇಡೀ ಗೋಡೆಯನ್ನು ದಾಟಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಅವರು ಕಂಡುಕೊಂಡ ಚಿಕಿತ್ಸೆಯು ಸರಳವಾದುದು: ಕ್ಯಾಥೋಡನ್ನು ಹಚ್ಚುವ ಮೊದಲು ಪಿಂಗಾಣಿಯ ಮೇಲ್ಮೈಯನ್ನು ನೈಟ್ರಿಕ್ ಆಮ್ಲದಿಂದ ಅಲ್ಪಕಾಲ ತೊಳೆಯುವುದು. ಆಮ್ಲವು ಜಡವಾದ ಪದರವನ್ನು ಕೊರೆದು ಹೊಸ ಮೈಯನ್ನು ತೆರೆಯುತ್ತದೆ. ಕ್ಯಾಥೋಡು ಅದರೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ. ಇದರಿಂದ 600 ಡಿಗ್ರಿಯಲ್ಲಿ ಒಂದು ಚದರ ಸೆಂಟಿಮೀಟರಿಗೆ 1.6 ವಾಟಿನಷ್ಟು ಶಕ್ತಿಯು ದೊರೆಯಿತು. 350 ಡಿಗ್ರಿಯವರೆಗೂ ಕೋಶವು ಚೆನ್ನಾಗಿ ನಡೆಯಿತು.

ಇದನ್ನು ಓದಿದಾಗ ಕಲಾಯಿಗಾರನ ನೆನಪಾಗುವುದು ಸಹಜ. ತಾಮ್ರದ ಪಾತ್ರೆಗೆ ತವರವನ್ನು ಬಳಿಯುವ ಮೊದಲು ಅವನು ಅದನ್ನು ಉಜ್ಜಿ ತೊಳೆಯುತ್ತಾನೆ. ಕಾಯಿಸಿ ನವಸಾಗರವನ್ನು ಉದುರಿಸುತ್ತಾನೆ. ಹೊಗೆಯೆದ್ದು ತಾಮ್ರದ ಮೇಲಿನ ಕಿಲುಬು ಹೋದ ಮೇಲೆಯೇ ತವರವು ಹಿಡಿಯುತ್ತದೆ. ಈ ಶುದ್ಧಿಯನ್ನು ಬಿಟ್ಟು ಎಷ್ಟು ತವರವನ್ನು ಸುರಿದರೂ ಅದು ಗುಂಡುಗುಂಡಾಗಿ ಉರುಳಿಹೋಗುವುದಲ್ಲದೆ ಅಂಟುವುದಿಲ್ಲ.

9. ಉಪಸಂಹಾರ

ಇಲ್ಲಿಯವರೆಗೆ ಹೇಳಿದುದನ್ನು ಸಂಗ್ರಹಿಸೋಣ. ಪ್ರೋಟಾನಿನ ಪಿಂಗಾಣಿಯಲ್ಲಿ ನೀರು ಒಳಬರುವುದು ಮೇಲ್ಮೈಯಿಂದ. ನಾಶವು ಆರಂಭವಾಗುವುದೂ ಮೇಲ್ಮೈಯಿಂದ. ಸಂಚಾರವು ತಡೆಯುವುದು ಒಳಗಿನ ಮೇಲ್ಮೈಯಾದ ಕಣಸೀಮೆಯಲ್ಲಿ. ಇಂಧನದ ಕೊಳೆಯು ತೊಳೆದುಹೋಗುವುದು ಆನೋಡಿನ ಮೇಲ್ಮೈಯಲ್ಲಿ. ಶಕ್ತಿಯು ಪೂರ್ಣವಾಗಿ ಕೈಗೆ ಬರುವುದು ಕ್ಯಾಥೋಡಿನ ಬೆಸುಗೆಯಲ್ಲಿ. ಒಡಲಿನ ಗುಣವು ಅವಶ್ಯವಾದುದೇ. ಆದರೆ ಅಂಚನ್ನು ಉಪೇಕ್ಷಿಸಿದರೆ ಒಡಲಿನ ಗುಣವು ಫಲಿಸುವುದಿಲ್ಲ.

ಈ ವಿದ್ಯೆಯು ಇನ್ನೂ ಮನೆಮನೆಗೆ ಬಂದಿಲ್ಲ. ಸಾವಿರ ಗಂಟೆಯ ಬಾಳಿಕೆಯು ಪ್ರಯೋಗಾಲಯದಲ್ಲಿ ದೊಡ್ಡದು. ಹಳ್ಳಿಯ ವಿದ್ಯುತ್ತಿಗೆ ಹತ್ತಾರು ಸಾವಿರ ಗಂಟೆಗಳ ಬಾಳಿಕೆ ಬೇಕು. ಬೆರಳಗಲದ ಬಿಲ್ಲೆಯಲ್ಲಿ ಸಾಧಿಸಿದುದನ್ನು ಅಂಗೈಯಗಲದ ಹಲಗೆಯಲ್ಲಿ ಬಿರುಕಿಲ್ಲದೆ ಸಾಧಿಸಬೇಕು. ಅಂದು ಕೊಟ್ಟಿಗೆಯ ಸಗಣಿಯ ಅನಿಲವು ಒಲೆಯನ್ನು ಉರಿಸುವುದಲ್ಲದೆ ಜ್ವಾಲೆಯಿಲ್ಲದೆಯೇ ದೀಪವನ್ನೂ ಬೆಳಗಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1976ರಲ್ಲಿ ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರು ಘನಸ್ಥಿತಿ ರಸಾಯನಕ್ಕೆ ಒಂದು ವಿಭಾಗವನ್ನು ಕಟ್ಟಿದರು. ಪೆರೊವ್‌ಸ್ಕೈಟ್ ಕುಲದ ಆಕ್ಸೈಡುಗಳು ಅವರ ಬಹುಕಾಲದ ಅಭ್ಯಾಸದ ವಸ್ತು. ಆ ದಾರಿಯಲ್ಲಿ ನಡೆಯುವವರಲ್ಲಿ ನಮ್ಮ ಶಾಲೆಯ ಬಾಲಕ ಬಾಲಕಿಯರೂ ಇರಲೆಂಬುದು ಈ ಪಾಠದ ಆಶಯ.

ವಿದ್ಯಾರ್ಥಿಗಳು ವಿಚಾರಿಸಬೇಕಾದ ಪ್ರಶ್ನೆಗಳು

1. ನೂರು ಪೆಟ್ಟಿಗೆಗಳಲ್ಲಿ 10 ಜಿರ್ಕೋನಿಯಂಗಳಿಗೆ ಬದಲಾಗಿ ಯಿಟ್ರಿಯಂ ಇದ್ದರೆ ಎಷ್ಟು ತೆರವುಗಳು, ಎಷ್ಟು ಪ್ರೋಟಾನುಗಳು ದೊರೆಯುತ್ತವೆ?

2. ಪ್ರೋಟಾನು ಸಂಚರಿಸುವ ಕೋಶದಲ್ಲಿ ನೀರು ಗಾಳಿಯ ಕಡೆಯಲ್ಲಿ ಹುಟ್ಟುವುದರಿಂದ ಆಗುವ ಪ್ರಯೋಜನವೇನು?

3. ಸುಣ್ಣದ ಗೋಡೆಯು ಗಟ್ಟಿಯಾಗುವುದಕ್ಕೂ ಬೇರಿಯಂ ಸೀರೇಟು ಕೆಡುವುದಕ್ಕೂ ಇರುವ ಸಾಮ್ಯವನ್ನು ವಿವರಿಸಿರಿ. ಒಂದೇ ಕ್ರಿಯೆಯು ಒಂದೆಡೆ ಉಪಕಾರಕವೂ ಇನ್ನೊಂದೆಡೆ ಅಪಕಾರಕವೂ ಆದುದೇಕೆ?

4. ಕಾವು ಹೆಚ್ಚಿದಷ್ಟೂ ಪ್ರೋಟಾನಿನ ಸಾಗಾಟವು ಹೆಚ್ಚುತ್ತಲೇ ಹೋಗುವುದೇ? ಕಾರಣ ಸಹಿತ ಉತ್ತರಿಸಿರಿ.

5. ಅವಶೋಷಣೆ, ಅಧಿಶೋಷಣೆ ಇವುಗಳ ಭೇದವನ್ನು ಪಾಠದಿಂದ ಒಂದೊಂದು ಉದಾಹರಣೆ ಕೊಟ್ಟು ತಿಳಿಸಿರಿ.